ಕತ್ತಿಯ ಹಿಡಿ ಅಲುಗುತ್ತಿದೆಯೇ?

ಸೋದರಿಯರೇ, ಈ ಸಲ ಅಡಿಗೆಯಲ್ಲ, ಅಡಿಗೆಮನೆಯ ಮೂಲೆಯಲ್ಲಿರುವ ಕತ್ತಿಯ ವಿಚಾರ. ಕಾಯಿ ಒಡೆಯಲು, ಹಲಸಿನಕಾಯಿ ಸೀಳಲು ಅದು ಬೇಕೇ ಬೇಕು. ಹಿಡಿ ಸಡಿಲವಾಗಿದ್ದರೆ ಮಾತ್ರ "ಸ್ವಲ್ಪ ಅಲುಗುತ್ತೆ, ಹುಷಾರಾಗಿ ಹಿಡ್ಕೋಮ್ಮ" ಅಂತ ಸೊಸೆಯ ಕೈಗೆ ಕೊಟ್ಟುಬಿಡುತ್ತೇವೆ. ಬೀಸಿದಾಗ ಹಿಡಿ ಕೈಯಲ್ಲೇ ಉಳಿದು ಅಲಗು ಹಾರಿದರೆ ಎದುರಿಗೆ ಕೂತ ಮಗುವಿನ ಗತಿಯೇನು?

ಮರ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಒಳಗಿನ ಕಬ್ಬಿಣ ಹಾಗಲ್ಲ. ಅದಕ್ಕೇ ಬೇಸಿಗೆ ಬಂತೆಂದರೆ ಹಿಡಿಗಳೆಲ್ಲ ಗಡಗಡ. ಆಗ ಬಹಳ ಮನೆಗಳಲ್ಲಿ ಮಾಡುವುದು ಒಂದೇ, ರಾತ್ರಿ ಹಿಡಿಯನ್ನು ನೀರಲ್ಲಿ ಅದ್ದಿಡುವುದು. ಬೆಳಿಗ್ಗೆ ಗಟ್ಟಿಯಾಗಿರುತ್ತೆ, ನಿಜ. ಆದರೆ ಉಬ್ಬಿದ ಮರಕ್ಕೆ ಜಾಗ ಸಾಲದೆ ಕಬ್ಬಿಣದ ಸುತ್ತಲಿನ ನಾರು ಜಜ್ಜಿಹೋಗಿರುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಸಡಿಲ, ಒಳಗೆ ತುಕ್ಕು ಬೇರೆ!

ಹಿಡಿ ಸೀಳಿದ್ದರೆ ದಾರ ಸುತ್ತಿ ಸಮಾಧಾನ ಪಡಬೇಡಿ. ಜಾಲಿ ಅಥವಾ ಹುಣಸೆ ಮರದ ಹೊಸ ಹಿಡಿ ಹಾಕಿಸಿ. ಬರೀ ಸಡಿಲವಾಗಿದ್ದರೆ ಹಳೆಯದೇ ಸಾಕು.

ಇದಕ್ಕೆ ಬೇಕಾದ್ದು ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಕಟ್ಟುವುದೂ ಅರಗಿನಿಂದಲೇ. ಗ್ರಂಧಿಗೆ ಅಂಗಡಿಯಲ್ಲೋ ಅಕ್ಕಸಾಲಿಗರ ಹತ್ತಿರವೋ ಕೇಳಿ ನೋಡಿ. ಅಲಗಿಗೆ ದಪ್ಪ ಬಟ್ಟೆ ಸುತ್ತಿ ಹಿಡಿದುಕೊಂಡು ಹಿಡಿಯನ್ನು ಕಳಚಿ. ತೂತಿನೊಳಗಿನ ತುಕ್ಕು, ಪುಡಿ ಎಲ್ಲ ಕೆರೆದು ತೆಗೆದು, ಕುಟ್ಟಿದ ಅರಗನ್ನು ಅರ್ಧಕ್ಕೆ ತುಂಬಿ. ಈಗ ಆ ಬಟ್ಟೆಯನ್ನು ಚೆನ್ನಾಗಿ ಒದ್ದೆ ಮಾಡಿ ಅಲಗಿಗೆ ಸುತ್ತಿ, ಹಿಡಿಯೊಳಗೆ ಹೋಗುವ ಚೂಪು ತುದಿಯನ್ನು ಮಾತ್ರ ಉರಿಗೆ ಹಿಡಿಯಿರಿ. ಒದ್ದೆ ಬಟ್ಟೆ ಯಾಕಂದ್ರೆ, ಅಲಗಿಗೆ ಕಾವು ಏರಿದರೆ ಕಮ್ಮಾರ ಕೊಟ್ಟ ಹದ ಕೆಟ್ಟು ಹರಿತ ನಿಲ್ಲುವುದಿಲ್ಲ. ತುದಿ ಕೆಂಪಗಾಗುವುದು ಬೇಡ. ಅರಗಿನ ಚೂರು ತಾಗಿಸಿದರೆ ಕರಗುವಷ್ಟು ಕಾದರೆ ಸಾಕು. ನೆಟ್ಟಗೆ ತೂತಿಗೆ ಒತ್ತಿ, ಪೂರ್ತಿ ಆರುವ ತನಕ ಮುಟ್ಟಬೇಡಿ. ಪಾಂಡವರನ್ನು ಸುಡಲು ಕಟ್ಟಿದ ಮನೆಯೂ ಅರಗಿನದೇ ಅಲ್ಲವೇ, ಉರಿಯ ಹತ್ತಿರ ಜೋಪಾನ! ಮುಂದೆಯೂ ಈ ಕತ್ತಿಯನ್ನು ಒಲೆಯ ಪಕ್ಕ ಇಡಬಾರದು, ಕುದಿನೀರಲ್ಲಿ ತೊಳೆಯಬಾರದು.

ಇನ್ನು ನಯ ಮಾಡುವುದು. ಅಲಗಿಗೆ ಗೋಣಿ ಸುತ್ತಿ, 80ನೇ ನಂಬರಿನ ಉಪ್ಪುಕಾಗದದಿಂದ ಜಿಡ್ಡು, ಕೊಳೆ ತೆಗೆದು, ಆಮೇಲೆ 120ರಿಂದ ಉಜ್ಜಿ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮಲಗಿದ ನಾರು ಎದ್ದು ನಿಲ್ಲುತ್ತೆ. ಒಣಗಿದ ಮೇಲೆ ಮತ್ತೊಮ್ಮೆ ಉಜ್ಜಿ. ವಾರ್ನಿಷ್ ನನಗೆ ಸೇರದು, ಒದ್ದೆ ಕೈಗೆ ಜಾರುತ್ತದೆ. ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ. ಅಗಸೆ ಎಣ್ಣೆ ಮಾತ್ರ ಮರದೊಳಗೇ ಗಟ್ಟಿಯಾಗುತ್ತದೆ. ಬಣ್ಣದ ಅಂಗಡಿಯಲ್ಲಿ ಲಿನ್‌ಸೀಡ್ ಆಯಿಲ್ ಅಂದರೆ ಕೊಡುತ್ತಾರೆ. ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು ಒರೆಸಿ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ, ಹೀಗೆ ಮೂರು ಸಲ. ಅಂಗಡಿಯವರು ಕಾಯಿಸಿದ ಎಣ್ಣೆ ಕೊಟ್ಟರೆ ಅದರಲ್ಲಿ ಬೇಗ ಒಣಗಲು ಬೇರೆ ವಸ್ತು ಬೆರೆಸಿರುತ್ತಾರೆ. ಚಪಾತಿ ಮಣೆಗೆ ಅದನ್ನು ಹಚ್ಚಬೇಡಿ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಈ ಎಣ್ಣೆ ಒಣಗುವಾಗ ತಾನಾಗಿ ಬಿಸಿಯಾಗುತ್ತದೆ, ಬೆಂಕಿ ಸೋಕಿಸದೆಯೇ ಬಟ್ಟೆ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಕಲ್ಲಿನ ಮೇಲೆ ಬಿಡಿಸಿ ಹರಡಿ, ಒಣಗಿ ಗಡುಸಾದ ಮೇಲೆ ಎಸೆಯಿರಿ.

ಈಳಿಗೆ ಮಣೆಯ ವಿಚಾರ ಮುಂದಿನ ಸಂಚಿಕೆಗೆ.