ಬರಗಾಲದಲ್ಲಿ ಅಕ್ಕಡಿ ಸಾಲು

ಹಾಸನದ ಸಮೀಪದ ಮೊಸಳೆ ಎಂದೊಡನೆ ಹೊಯ್ಸಳರ ಕಾಲದ ನಾಗೇಶ್ವರ, ಚೆನ್ನಕೇಶವ ಜೋಡಿ ದೇಗುಲಗಳು ನೆನಪಾಗುತ್ತವೆ. ಸುತ್ತಲಿನ ಹೊಲಗಳತ್ತ ಪ್ರವಾಸಿಗರ ಕಣ್ಣು ಹೊರಳುವುದು ಅಪರೂಪ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳ ಅಕ್ಕಡಿ ಸಾಲು ಹಾಕುವುದು ಈ ಸೀಮೆಯ ಹಳೆಯ ರೂಢಿ.

2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದಲ್ಲಿ ಮೊದಲು ಕೈಬಿಟ್ಟು ಹೋಗುವುವು ಇಂಥ ರೂಢಿಗಳೇ. ಕೂಲಿಗೆ ಹಣವಿಲ್ಲವೆಂದು ಅಕ್ಕಡಿ ನಿಲ್ಲುತ್ತದೆ. ಮೇವಿಲ್ಲವೆಂದು ದನ ಸಂತೆ ಸೇರುತ್ತದೆ, ದನದೊಡನೆ ತಿಪ್ಪೆಯೂ ಬರಿದಾಗುತ್ತದೆ. ಬಿತ್ತನೆಗೆಂದು ಎತ್ತಿಟ್ಟ ರಾಗಿ ಗಿರಣಿಗೆ ಹೋಗುತ್ತದೆ. ಹಸಿದ ಮನೆಯವರನ್ನು ಇದಕ್ಕಾಗಿ ದೂರುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಲೆಕ್ಕ ತಪ್ಪುವುದು ಇಲ್ಲಿಯೇ. ಅಕ್ಕಡಿ ಹುಟ್ಟಿದ್ದೇ ಕೆಟ್ಟ ಕಾಲಕ್ಕಾಗಿ. ರಾಗಿ ತೆನೆ ಕಟ್ಟುವಾಗ ಮಳೆ ತಪ್ಪಿದರೂ, ಆಳಕ್ಕೆ ಬೇರಿಳಿಸುವ ತೊಗರಿ, ಚಳಿಗಾಲದ ಇಬ್ಬನಿಯಲ್ಲಿ ಹೂಬಿಡುವ ಅವರೆ ಒಂದಿಷ್ಟು ಕಾಳನ್ನಾದರೂ ಮನೆಗೆ ತರುತ್ತವೆ. ಬೇರುಗಂಟುಗಳಲ್ಲಿ ಸಾರಜನಕವನ್ನು ಹಿಡಿದು ಮುಂದಿನ ಬೆಳೆಗೆ ನೆಲವನ್ನು ಅಣಿಗೊಳಿಸುತ್ತವೆ. ಕೊಟ್ಟಿಗೆ ಗೊಬ್ಬರ ಉಂಡ ಮಣ್ಣು ತೇವವನ್ನು ಹೆಚ್ಚು ದಿನ ಹಿಡಿದಿಡುತ್ತದೆ. ಹದವಾದ ಮಳೆಯ ವರ್ಷದಲ್ಲಿ ಇವಾವುವೂ ಇಲ್ಲದೆಯೂ ಹೇಗೋ ಬೆಳೆ ಬಂದೀತು!

ಒಂಟಿ ಮನೆ ಇದನ್ನು ಹೊರಲಾರದು, ಊರು ಹೊರಬೇಕು. ಮೇವಿನ ಬ್ಯಾಂಕು, ಗೋಶಾಲೆಗಳು ತೆರೆಯಬೇಕಾದದ್ದು ದನ ಮಾರುವ ಮೊದಲು, ಮಾರಿದ ಮೇಲಲ್ಲ. ಬಿತ್ತನೆ ಕಾಳನ್ನು ನೆರೆಯವರಿಂದ ಕಡ ತಂದು ಸುಗ್ಗಿಯಲ್ಲಿ ಹಿಂದಿರುಗಿಸುವ ಪದ್ಧತಿ ಹಿರಿಯರಿಗೆ ತಿಳಿದದ್ದೇ. ಅದನ್ನು ಯುವಕ ಸಂಘ, ಮಹಿಳಾ ಸಂಘಗಳು ಮತ್ತೆ ಕೈಗೆತ್ತಿಕೊಳ್ಳಬಹುದು. ಹೊಲಕ್ಕೆಲ್ಲ ಆಗದಿದ್ದರೆ ಬದುವಿನ ಪಕ್ಕದ ನಾಲ್ಕು ಸಾಲಿಗಾದರೂ ಅಕ್ಕಡಿ ಬೀಳಲಿ. ಬೀಜದ ಒಂದು ಗುಡಾಣ ಮುಂದಿನ ಬಿತ್ತನೆಯವರೆಗೆ ಬಾಯಿ ತೆರೆಯದೆ ಉಳಿಯಲಿ.