ಹೊಳೆ ಇಳಿದ ಮೇಲೆ ಬರುವವರು

ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಅಧಿಕಾರಿಗಳು, ಕ್ಯಾಮೆರಾದವರು ಕೃಷ್ಣೆಯ ದಡಕ್ಕೆ ಧಾವಿಸುತ್ತಾರೆ. ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿದ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಹೊಳೆ ಇಳಿದ ಮೇಲೆ ಊರೊಳಗೆ ಬಂದು ಕೂತು ಕೇಳುವವರು ಅಪರೂಪ. ಚಂದ್ರಬಂಡದಲ್ಲಿ ನನ್ನ ಹತ್ತಿರ ಸಮಾಜ ವಿಜ್ಞಾನ ಓದಿದ ಹುಡುಗಿಯೊಬ್ಬಳು ಈಗ ಅದೇ ಕೆಲಸದಲ್ಲಿದ್ದಾಳೆ; ನೆರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಇಂಥ ಎಳೆಯ ಸಂಶೋಧಕರನ್ನು ನಾವು ಕೈಬಿಟ್ಟಿದ್ದೇವೆ ಎಂಬುದೇ ನನ್ನ ತಕರಾರು.

ನಡುಗಡ್ಡೆಯ ಊರಿಗೆ ಹೋದರೆ ಅವಳು ಬಿದ್ದ ಮನೆಗಳ ಲೆಕ್ಕ ಬರೆದುಕೊಂಡು ಎದ್ದು ಬರುವುದಿಲ್ಲ. ‘ರಾತ್ರಿ ಬ್ಯಾನಿ ಬಂದ್ರ ಯಾರು ತೆಪ್ಪ ಹಾಕ್ತಾರವ್ವ? ರೇಷನ್ ಹೆಂಗ ತರ್ತೀರಿ?’ ಎಂದು ಹೆಂಗಸರನ್ನು ಕೇಳುತ್ತಾಳೆ. 2020ರ ಆಗಸ್ಟ್‌ನಲ್ಲಿ ತೆಲಂಗಾಣದ ದಡದಿಂದ ಕುರ್ವಕಲಾ ನಡುಗಡ್ಡೆಗೆ ಮರಳುತ್ತಿದ್ದ ತೆಪ್ಪ ಮಗುಚಿ ನಾಲ್ವರು ಕೊಚ್ಚಿಹೋದರು. ಆ ಸಾವುಗಳನ್ನು ಹೊಳೆಯ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ. ದಾಟಲು ಸೇತುವೆ ಇರಲಿಲ್ಲ. ವಿಪತ್ತನ್ನು ನಿಸರ್ಗದ ಲೆಕ್ಕಕ್ಕೆ ಬರೆಯಬೇಡಿ ಎಂದು ಸಂಶೋಧಕರಾದ ಓಕೀಫ್, ವೆಸ್ಟ್‌ಗೇಟ್, ವಿಸ್ನರ್ 1976ರಲ್ಲೇ ವಾದಿಸಿದ್ದರು. ನಮ್ಮ ಪರಿಹಾರದ ಪಟ್ಟಿಗಳಿಗೆ ಆ ಮಾತು ಇನ್ನೂ ತಲುಪಿಲ್ಲ.

2009ರ ನೆರೆಯ ನಂತರ ಸಂತ್ರಸ್ತರಿಗಾಗಿ ‘ಆಸರೆ’ ಯೋಜನೆಯ ಮನೆಗಳು ಎದ್ದವು. ಎಷ್ಟೋ ಕಡೆ ಜನ ಒಳಗೆ ಕಾಲಿಡಲಿಲ್ಲ. ದನ ಎಲ್ಲಿ ಕಟ್ಟಬೇಕು, ಹೊಲಕ್ಕೆ ಎಷ್ಟು ನಡೆಯಬೇಕು ಎಂದು ಮೊದಲೇ ಕೇಳಿದ್ದರೆ ಗೋಡೆ ಎಬ್ಬಿಸುವ ಮುಂಚೆಯೇ ಉತ್ತರ ಸಿಗುತ್ತಿತ್ತು. ಬರವೂ ಹಾಗೆಯೇ. ದೇವದುರ್ಗ, ಮಾನ್ವಿಯಿಂದ ಗುಳೆ ಹೊರಟ ಮನೆಯ ಮಕ್ಕಳ ಹಾಜರಿ ಪುಸ್ತಕ ನೋಡಿದರೆ ಸಾಕು, ಅದೂ ವಿಪತ್ತಿನ ದಾಖಲೆಯೇ. ಅಂಥ ಮನೆಯಿಂದಲೇ ಬಂದ ಸಂಶೋಧಕನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇಂಥ ಸಂಶೋಧಕರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕವರಿಗೆ ತಿಂಗಳಿಗೆ 37,000 ರೂಪಾಯಿ. ಸಿಗದವರು ಅತಿಥಿ ಉಪನ್ಯಾಸಕರಾಗಿ ದುಡಿದು, ಉಳಿದ ರಜೆಯಲ್ಲಿ ಊರೂರು ತಿರುಗಬೇಕು. ಬಸ್ ಚಾರ್ಜೂ ಅವರ ಕೈಯಿಂದಲೇ. ಪ್ರಬಂಧ ಇಂಗ್ಲಿಷ್‌ನಲ್ಲಿ ಬೈಂಡ್ ಆಗಿ ಕಪಾಟು ಸೇರುತ್ತದೆ. ಉತ್ತರ ಕೊಟ್ಟ ಅವ್ವನಿಗೆ ಅದರ ಒಂದು ಸಾಲೂ ತಲುಪುವುದಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ರಾಯಚೂರಿನ ಮುಂಗಾರು ಪೂರ್ವ ಸಭೆಗೆ ಈ ಹುಡುಗ ಹುಡುಗಿಯರನ್ನು ಕರೆಯಿರಿ, ಅವರಿಗೆ ಕ್ಷೇತ್ರಕಾರ್ಯದ ಖರ್ಚು ಕೊಡಿ. ಕಂಡುಕೊಂಡದ್ದನ್ನು ಅವರು ಮೊದಲು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲಿ, ತಪ್ಪಿದ್ದರೆ ಊರವರು ಅಲ್ಲೇ ತಿದ್ದಲಿ.