ಪ್ರತಿಯೊಂದು ತೀರ್ಮಾನಕ್ಕೂ ಯಜಮಾನರೇ ಬೇಕೆ?

“ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು” ಎಂಬ ಗಾದೆ ನಮ್ಮ ವ್ಯಾಪಾರಿ ಮನೆತನಗಳಿಗೆ ಹೊಸದಲ್ಲ. ಒಂದು ಅಂಗಡಿ, ಒಂದು ಕುಟುಂಬ, ಇಬ್ಬರು ಸಹಾಯಕರು ಇದ್ದ ವಹಿವಾಟಿಗೆ ಈ ಮಾತು ಸಲ್ಲುತ್ತಿತ್ತು. ಆದರೆ ಎರಡು ಪಾಳಿಗಳಲ್ಲಿ ಮೂವತ್ತು ಮಂದಿ ದುಡಿಯುವ ಕಾರ್ಖಾನೆಗೂ, ಮೂರು ಊರುಗಳಲ್ಲಿ ಗೋದಾಮು ಹೊಂದಿರುವ ಸಗಟು ವ್ಯಾಪಾರಕ್ಕೂ ಇದೇ ಗಾದೆಯನ್ನು ಅನ್ವಯಿಸುತ್ತಿರುವುದು ನಮ್ಮ ಅನೇಕ ಸಂಸ್ಥೆಗಳ ಬೆಳವಣಿಗೆಗೆ ಕಾಣದ ತಡೆಯಾಗಿ ನಿಂತಿದೆ ಎಂಬುದು ನನ್ನ ಅಭಿಪ್ರಾಯ.

ದಿನನಿತ್ಯದ ಕೆಲಸದಲ್ಲಿ ಏಳುವ ಪ್ರಶ್ನೆಗಳನ್ನು ಗಮನಿಸಿ. ಸವೆದ ಉಪಕರಣವನ್ನು ಬದಲಿಸಬಹುದೆ? ಗೊತ್ತುಪಡಿಸಿದ ಲಾರಿ ಬಾರದಿದ್ದರೆ ಐನೂರು ರೂಪಾಯಿ ಹೆಚ್ಚು ಬಾಡಿಗೆಗೆ ಬೇರೊಂದನ್ನು ಕರೆಸಬಹುದೆ? ಹಳೆಯ ಗಿರಾಕಿ ಹಿಂದಿರುಗಿಸಿದ ಎರಡು ಪೆಟ್ಟಿಗೆ ಸರಕನ್ನು ಸ್ವೀಕರಿಸಬಹುದೆ? ಇವುಗಳಿಗೆ ಉತ್ತರ ಸ್ಥಳದಲ್ಲಿರುವ ಮೇಸ್ತ್ರಿಗೋ ಗುಮಾಸ್ತರಿಗೋ ತಿಳಿದೇ ಇರುತ್ತದೆ. ಆದರೂ ಅವರು ಯಜಮಾನರ ದೂರವಾಣಿ ಕರೆಗಾಗಿ ಕಾಯುತ್ತಾರೆ. ಯಜಮಾನರು ಬ್ಯಾಂಕಿನಲ್ಲಿಯೋ ಪ್ರಯಾಣದಲ್ಲಿಯೋ ಇದ್ದರೆ ಯಂತ್ರವೂ ಅವರೊಡನೆ ಕಾಯುತ್ತದೆ.

ಈ ಕಾಯುವಿಕೆಗೆ ಲೆಕ್ಕದ ಪುಸ್ತಕದಲ್ಲಿ ಖಾತೆಯಿಲ್ಲವಾದ್ದರಿಂದ ಅದರ ವೆಚ್ಚ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಗಂಟೆಗೆ 400 ರೂಪಾಯಿ ದುಡಿಯುವ ಯಂತ್ರವೊಂದು ಅನುಮತಿಗಾಗಿ ದಿನಕ್ಕೆ 45 ನಿಮಿಷ ನಿಲ್ಲುತ್ತದೆ ಎನ್ನಿ. ವರ್ಷದ 300 ಕೆಲಸದ ದಿನಗಳಲ್ಲಿ ಅದು 225 ಗಂಟೆ, ಅಂದರೆ 90,000 ರೂಪಾಯಿ. ಮೇಸ್ತ್ರಿಗೆ ಒಂದು ಬಾರಿಗೆ 2,000 ರೂಪಾಯಿವರೆಗೆ ಸ್ವತಃ ತೀರ್ಮಾನಿಸುವ ಅಧಿಕಾರ ಕೊಟ್ಟರೆ, ಅಷ್ಟೇ ನಷ್ಟವಾಗಲು ಆತ ವರ್ಷಕ್ಕೆ 45 ಬಾರಿ ಪೂರ್ಣ ಮೊತ್ತವನ್ನು ವ್ಯರ್ಥ ಮಾಡಬೇಕಾಗುತ್ತದೆ. ಅಷ್ಟು ತಪ್ಪು ಮಾಡುವವನನ್ನು ಯಾರೂ ಮೇಸ್ತ್ರಿಯಾಗಿ ಇಟ್ಟುಕೊಳ್ಳುವುದಿಲ್ಲ. ಪ್ರತಿಯೊಬ್ಬ ಸದಸ್ಯರೂ ತಮ್ಮ ಸಂಸ್ಥೆಯ ಅಂಕಿಗಳನ್ನು ಇಟ್ಟು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳಿತು.

ಕೆಳಹಂತಕ್ಕೆ ಅಧಿಕಾರ ನೀಡುವುದು ಶಿಸ್ತನ್ನು ಸಡಿಲಿಸಿದಂತೆ ಎಂಬ ಭಾವನೆ ಸರಿಯಲ್ಲ. ಜಪಾನಿನ ಸಾಕಿಚಿ ಟೊಯೋಡಾ ಅವರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವು ಹಾಸುನೂಲು ಹರಿದ ಕೂಡಲೇ ತಾನಾಗಿಯೇ ನಿಲ್ಲುತ್ತಿತ್ತು. ದೋಷವುಳ್ಳ ಬಟ್ಟೆಯನ್ನು ನೇಯುವುದಕ್ಕಿಂತ ಮಗ್ಗ ನಿಲ್ಲುವುದೇ ಲೇಸು ಎಂಬ ತತ್ತ್ವ ಅದರಲ್ಲಿತ್ತು. ಮುಂದೆ ಟೊಯೋಟಾ ಮೋಟಾರು ಕಾರ್ಖಾನೆಗಳು ಇದೇ ತತ್ತ್ವವನ್ನು ಮನುಷ್ಯರಿಗೆ ವಿಸ್ತರಿಸಿದವು. ದೋಷ ಕಂಡ ಕಾರ್ಮಿಕ ತಲೆಯ ಮೇಲಿನ ಹಗ್ಗವನ್ನು ಎಳೆಯುತ್ತಾನೆ. ತಂಡದ ಮುಖ್ಯಸ್ಥ ಧಾವಿಸುತ್ತಾನೆ. ನಿಗದಿತ ಅವಧಿಯೊಳಗೆ ದೋಷ ಸರಿಹೋಗದಿದ್ದರೆ ಇಡೀ ಜೋಡಣಾ ಸಾಲು ನಿಲ್ಲುತ್ತದೆ. ಶಿಸ್ತಿಗೆ ಹೆಸರಾದ ಸಂಸ್ಥೆಯೇ ಇಂತಹ ಅಧಿಕಾರವನ್ನು ಸಾಮಾನ್ಯ ಕಾರ್ಮಿಕನಿಗೆ ಕೊಟ್ಟಿದೆ. ಅಲ್ಲಿ ಅಧಿಕಾರದ ಜೊತೆಗೆ ಸ್ಪಷ್ಟವಾದ ಎಲ್ಲೆಯೂ ತಕ್ಷಣದ ನೆರವೂ ಇವೆ ಎಂಬುದು ಗಮನಾರ್ಹ.

ನಮ್ಮ ಕಾನೂನು ಕೂಡ ಈ ವಿಚಾರದಲ್ಲಿ ಮೌನವಾಗಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 189ನೇ ಕಲಮಿನಂತೆ, ತುರ್ತು ಸಂದರ್ಭದಲ್ಲಿ ಯಜಮಾನನನ್ನು ನಷ್ಟದಿಂದ ರಕ್ಷಿಸಲು, ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನ ಸ್ವಂತ ವಿಷಯದಲ್ಲಿ ಮಾಡುವಂತಹ ಕಾರ್ಯಗಳನ್ನು ಮಾಡಲು ಪ್ರತಿನಿಧಿಗೆ ಅಧಿಕಾರವಿದೆ. ಅದೇ ಅಧಿನಿಯಮದ 237ನೇ ಕಲಮು ಒಂದು ಎಚ್ಚರಿಕೆಯನ್ನೂ ನೀಡುತ್ತದೆ: ಪ್ರತಿನಿಧಿಗೆ ಅಧಿಕಾರವಿದೆ ಎಂದು ಮೂರನೆಯವರು ನಂಬುವಂತೆ ಯಜಮಾನನ ಮಾತು ಅಥವಾ ನಡವಳಿಕೆ ಇದ್ದಲ್ಲಿ, ಅಧಿಕಾರ ಮೀರಿ ಮಾಡಿದ ಕಾರ್ಯಕ್ಕೂ ಯಜಮಾನ ಬದ್ಧನಾಗುತ್ತಾನೆ. ಆದ್ದರಿಂದ ಬಾಯಿಮಾತಿನ, ಅಸ್ಪಷ್ಟವಾದ ಅಧಿಕಾರವೇ ಹೆಚ್ಚು ಅಪಾಯಕರ. ಬರೆದಿಟ್ಟ ಎಲ್ಲೆ ಮಾಲೀಕನಿಗೂ ರಕ್ಷಣೆ, ನೌಕರನಿಗೂ ರಕ್ಷಣೆ.

ಇ-ವೇ ಬಿಲ್ಲಿನ ವಿಷಯವನ್ನೇ ತೆಗೆದುಕೊಳ್ಳಿ. 50,000 ರೂಪಾಯಿಗೂ ಮೀರಿದ ಸರಕಿನ ಸಾಗಣೆಗೆ ಅದು ಅಗತ್ಯ. ದಾರಿಯಲ್ಲಿ ಲಾರಿ ಕೆಟ್ಟರೆ ಹೊಸ ವಾಹನದ ಸಂಖ್ಯೆಯನ್ನು ನಮೂದಿಸಬೇಕು. 2025ರ ಏಪ್ರಿಲ್ 1ರಿಂದ ಎಲ್ಲ ಬಳಕೆದಾರರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಯಿತು. ಸಂಸ್ಥೆಯಲ್ಲಿ ಒಂದೇ ಬಳಕೆದಾರರ ಹೆಸರಿದ್ದು ಅದು ಯಜಮಾನರದ್ದಾಗಿದ್ದರೆ, ಒಂದು ಬಾರಿಯ ಸಂಕೇತ ಸಂಖ್ಯೆ ಅವರ ಮೊಬೈಲಿಗೇ ಬರುತ್ತದೆ. ರಾತ್ರಿ ಹೊತ್ತಿನಲ್ಲಿ ಸರಕು ರಸ್ತೆಬದಿಯಲ್ಲಿ ಉಳಿಯುತ್ತದೆ. ಇದಕ್ಕೆ ಪರಿಹಾರ ಆ ವ್ಯವಸ್ಥೆಯಲ್ಲಿಯೇ ಇದೆ. ಗೋದಾಮಿನ ಗುಮಾಸ್ತರನ್ನು ಅವರದೇ ಮೊಬೈಲ್ ಸಂಖ್ಯೆಯೊಡನೆ ಉಪಬಳಕೆದಾರರನ್ನಾಗಿ ನೋಂದಾಯಿಸಿ, ಅವರು ಯಾವ ಕೆಲಸಗಳನ್ನು ಮಾಡಬಹುದೆಂದು ನಿಗದಿಪಡಿಸಬಹುದು. ಗುಪ್ತಪದವನ್ನು ಎಲ್ಲರಿಗೂ ಹಂಚುವುದಕ್ಕಿಂತ ಇದು ಎಷ್ಟೋ ಸುರಕ್ಷಿತ.

ಹಾಗಾದರೆ ಆರಂಭಿಸುವುದು ಹೇಗೆ? ಮೊದಲು ಎರಡು ವಾರಗಳ ಕಾಲ ನೌಕರರು ಯಜಮಾನರನ್ನು ಕೇಳುವ ಪ್ರತಿ ಪ್ರಶ್ನೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ನಂತರ ಅವನ್ನು ಮೂರು ಗುಂಪುಗಳಾಗಿ ವಿಂಗಡಿಸಬೇಕು. ತಪ್ಪಾದರೂ ಸುಲಭವಾಗಿ ಸರಿಪಡಿಸಬಹುದಾದ, ಅಲ್ಪ ವೆಚ್ಚದ ವಿಷಯಗಳಲ್ಲಿ ಸ್ಥಳದಲ್ಲಿರುವವರೇ ತೀರ್ಮಾನಿಸಲಿ. ಸರಿಪಡಿಸಬಹುದಾದರೂ ಬೇರೆ ವಿಭಾಗದ ಮೇಲೆ ಪರಿಣಾಮ ಬೀರುವ ವಿಷಯಗಳಲ್ಲಿ ಅವರೇ ತೀರ್ಮಾನಿಸಿ, ಅಂದೇ ತಿಳಿಸಲಿ. ಹೊಸ ಗಿರಾಕಿಗೆ ಉದರಿ, ಬ್ಯಾಂಕ್ ಸಾಲ, ನೇಮಕ, ವಜಾ, ಸರ್ಕಾರಕ್ಕೆ ನೀಡುವ ಹೇಳಿಕೆಗಳು, ಕಾರ್ಮಿಕರ ಸುರಕ್ಷತೆಯ ನಿಯಮಗಳಲ್ಲಿ ಬದಲಾವಣೆ ಇವು ಯಜಮಾನರಲ್ಲಿಯೇ ಉಳಿಯಲಿ. ಆದರೆ ಅಪಾಯ ಕಂಡಾಗ ಯಂತ್ರವನ್ನು ನಿಲ್ಲಿಸುವ ಅಧಿಕಾರ ಮಾತ್ರ ಎಲ್ಲರಿಗೂ ಇರಬೇಕು. ಯಾರಿಗೆ, ಎಷ್ಟು ರೂಪಾಯಿವರೆಗೆ, ಯಾವ ವಿಷಯದಲ್ಲಿ ಅಧಿಕಾರ ಎಂಬುದನ್ನು ಸರಳ ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆದು ಸಂಬಂಧಪಟ್ಟವರಿಗೆ ಕೊಡಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಾಹಿತಿಯಿಲ್ಲದ ಅಧಿಕಾರ ಕುರುಡನ ಕೈಗೆ ಕೊಟ್ಟ ದೀಪದಂತೆ. ಅಸಲು ಬೆಲೆಯನ್ನು ನೌಕರರಿಂದ ಗುಟ್ಟಾಗಿಡುವುದು ನಮ್ಮ ವ್ಯಾಪಾರದ ಹಳೆಯ ರೂಢಿ. ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ, ಪ್ರತಿ ಸರಕಿಗೆ ಇದಕ್ಕಿಂತ ಕೆಳಗೆ ಮಾರಕೂಡದು ಎಂಬ ಕನಿಷ್ಠ ಬೆಲೆಯನ್ನಾದರೂ ತಿಳಿಸಬೇಕು. ಅದೂ ಇಲ್ಲದೆ ರಿಯಾಯಿತಿಯ ಅಧಿಕಾರ ಕೊಡುವುದರಲ್ಲಿ ಅರ್ಥವಿಲ್ಲ.

ಮೋಸದ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಮದ್ದು ವಾರಕ್ಕೊಮ್ಮೆ ತೀರ್ಮಾನಗಳ ಪುಸ್ತಕವನ್ನು ಪರಿಶೀಲಿಸುವುದು, ಖರೀದಿಸುವವನೂ ಹಣ ಪಾವತಿಸುವವನೂ ಬೇರೆ ಬೇರೆಯಾಗಿರುವಂತೆ ನೋಡಿಕೊಳ್ಳುವುದು. ಎಲ್ಲೆಯೊಳಗೆ ಸದುದ್ದೇಶದಿಂದ ಮಾಡಿದ ತೀರ್ಮಾನ ತಪ್ಪಾದಾಗ ಎಲ್ಲರೆದುರು ಗದರಿಸದಿರುವುದು ಅಷ್ಟೇ ಮುಖ್ಯ. ಒಮ್ಮೆ ಗದರಿಸಿದರೆ ಮರುದಿನದಿಂದಲೇ ಎಲ್ಲ ಪ್ರಶ್ನೆಗಳೂ ಯಜಮಾನರ ಮೇಜಿಗೆ ಮರಳುತ್ತವೆ. ಅಧಿಕಾರ ಕೊಡದೆ ಹೊಣೆಯನ್ನು ಮಾತ್ರ ಹೊರಿಸುವುದು ನ್ಯಾಯವೂ ಅಲ್ಲ, ಲಾಭವೂ ಅಲ್ಲ.

ಯಜಮಾನರು ಒಂದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದರೆ ಬಾಗಿಲು ಮುಚ್ಚಬೇಕಾದ ಸಂಸ್ಥೆ ಎಷ್ಟೇ ಲಾಭ ತೋರಿಸಿದರೂ ಗಟ್ಟಿಯಾದ ಸಂಸ್ಥೆಯೆನಿಸದು. ಅದನ್ನು ಮುಂದಿನ ಪೀಳಿಗೆಗೆ ಒಪ್ಪಿಸುವುದೂ ಕಷ್ಟ. ಈ ದೃಷ್ಟಿಯಿಂದ ವಾಣಿಜ್ಯ ಮಂಡಳಿಯು ಸಣ್ಣ ಸಂಸ್ಥೆಗಳಿಗಾಗಿ ಅಧಿಕಾರ ಹಂಚಿಕೆಯ ಮಾದರಿ ಪತ್ರವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಬೇಕೆಂದು ಕೋರುತ್ತೇನೆ. ಅದು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಪ್ರಶ್ನೆಗಳನ್ನು ಬರೆದಿಡುವ ಪುಸ್ತಕವನ್ನು ಸದಸ್ಯ ಬಂಧುಗಳು ನಾಳೆಯೇ ತೆರೆಯಬಹುದು.